ವೀರಣ್ಣನವರ ಜೂನ್ ತಿಂಗಳು

ಮಾರ್ಚ್ ಮೂವತ್ತೊಂದನೇ ತಾರೀಖನ್ನು ವೀರಣ್ಣನವರು ನಂಬುತ್ತಿರಲಿಲ್ಲ. ದೇವರನ್ನು ನಂಬುತ್ತಿದ್ದರು, ಹೋಮಿಯೋಪಥಿಯನ್ನು ನಂಬುತ್ತಿದ್ದರು, ತಮ್ಮ ಹಳೇ ಸ್ಕೂಟರು ಲೀಟರಿಗೆ ಐವತ್ತು ಕಿಲೋಮೀಟರು ಓಡುತ್ತದೆಂದು ಕೂಡ ನಂಬುತ್ತಿದ್ದರು. ಈ ಒಂದು ತಾರೀಖನ್ನು ಮಾತ್ರ ಇಲ್ಲ. ಯಾಕೆಂದರೆ ಅದನ್ನು ಅವರೇ ಮೂವತ್ತೊಂದು ವರ್ಷ ಮಾರಿದ್ದರು.

ವಿಮಾ ಕಂಪನಿಯೊಂದರಲ್ಲಿ ಅವರು ಡೆವಲಪ್‌ಮೆಂಟ್ ಆಫೀಸರ್ ಆಗಿದ್ದರು. ಪ್ರತಿ ಫೆಬ್ರವರಿಯ ಕೊನೇ ವಾರ ಬಂತೆಂದರೆ ಸ್ಕೂಟರ್ ಹತ್ತಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಮನೆಮನೆ ಸುತ್ತುತ್ತಿದ್ದರು. "ಈ ಪ್ಲಾನು ಮೂವತ್ತೊಂದಕ್ಕೆ ಬಂದ್ ಆಗ್ತಿದೆ ಸಾರ್. ಆಮೇಲೆ ನಾನು ಕಾಲಿಗೆ ಬಿದ್ರೂ ಮೇಲಿನೋರು ಕೊಡಲ್ಲ." ಇದನ್ನು ಹೇಳುವುದಕ್ಕೊಂದು ಕ್ರಮವಿತ್ತು. ಮೊದಲು ದನಿಯನ್ನು ಅರ್ಧ ಇಳಿಸಬೇಕು. ಆಮೇಲೆ ಬೇರೆಲ್ಲೋ ಜನ ಕಾಯುತ್ತಿರುವ ಹಾಗೆ ಕೈಗಡಿಯಾರ ನೋಡಿಕೊಳ್ಳಬೇಕು. ಕೊನೆಗೆ, ಎದ್ದು ಚಪ್ಪಲಿ ಮೆಟ್ಟುವಾಗ, "ನೀವು ಅಂತ ಹೇಳ್ತಿದೀನಿ" ಅನ್ನಬೇಕು. ಹೀಗೆ ಬಂದ್ ಆದ ಪ್ಲಾನು ಜೂನ್‌ನಲ್ಲಿ ಹೊಸ ಹೆಸರಿಟ್ಟುಕೊಂಡು, ಪುಸ್ತಿಕೆಯ ಮೇಲೆ ಬೇರೆ ಮಗುವಿನ ಫೋಟೋ ಹಾಕಿಕೊಂಡು, ಬೋನಸ್ಸನ್ನೂ ಚೂರು ಜಾಸ್ತಿ ಮಾಡಿಕೊಂಡು ವಾಪಸ್ಸು ಬರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬಾರದೆ ಇದ್ದದ್ದಿಲ್ಲ.

ಹಾಗಾಗಿ ನಿವೃತ್ತರಾಗಿ ಕೆಲವು ವರ್ಷವಾದ ಮೇಲೆ ಒಂದು ಫೆಬ್ರವರಿಯಲ್ಲಿ ಮುರಳಿ ಎಂಬ ಹುಡುಗ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಗೇಟಿನ ಚಿಲಕ ಅಲ್ಲಾಡಿಸಿದಾಗ ವೀರಣ್ಣನವರಿಗೆ ಖುಷಿಯಾಯಿತು. ಯಾವುದೋ ಸೋಲಾರ್ ಕಂಪನಿಯವನು. ಕಸುಬಿನಿಂದ ನಿವೃತ್ತರಾದ ಸಂಗೀತಗಾರರು ಎಳೆಯರ ಕಚೇರಿಗೆ ಮುಂದಿನ ಸಾಲಿನಲ್ಲಿ ಕೂತುಕೊಳ್ಳುವ ಹಾಗೆ ಅವರು ಕುರ್ಚಿ ಎಳೆದುಕೊಂಡು ಕೂತರು.

"ಸಾರ್, ಮೂರು ಕಿಲೋವ್ಯಾಟ್ ಹಾಕಿಸಿದ್ರೆ ಸರ್ಕಾರದ ಸಬ್ಸಿಡಿ ಮುಕ್ಕಾಲು ಲಕ್ಷದ ಹತ್ರ ಬರುತ್ತೆ. ಮಾರ್ಚ್ ಮೂವತ್ತೊಂದರೊಳಗೆ ಅರ್ಜಿ ಹಾಕಿರ್ಬೇಕು. ಆಮೇಲೆ ಅರ್ಧಕ್ಕೂ ಕಮ್ಮಿ ಆಗುತ್ತೆ" ಎಂದ ಮುರಳಿ. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿದ. ದನಿ ಇಳಿಸಲಿಲ್ಲ, ಗಡಿಯಾರ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕುಡಿದ ನೀರಿನ ಲೋಟ ವಾಪಸ್ಸು ಕೊಟ್ಟು, ಹೊರಟೇಬಿಟ್ಟ.

"ಏನೂ ಬರಂಗಿಲ್ಲ ಈ ಹುಡುಗಗ" ಎಂದರು ವೀರಣ್ಣನವರು, ಒಳಗೆ ಬಂದು. "ತಾರೀಖು ಹೇಳೋದು ಹಿಂಗೇನು? ಮನಸ್ಸು ಅಲ್ಲಾಡಬೇಕು ಎದುರಿನವರದು."

ಗೇಟಿನ ಒಳಗೆ ವೀರಣ್ಣನವರದು ಗದಗಿನ ಮಾತು, ಗೇಟು ದಾಟಿದರೆ ಬೆಂಗಳೂರಿನದು. ವಿಮಾನ ಕಾರ್ಖಾನೆಯವರ ವಿಮಾನಪುರದ ಕಾಂಪೌಂಡಿಗೆ ಎರಡು ರಸ್ತೆ ಈಚೆಯಿದ್ದ ಆ ಕಾಲೊನಿಗೆ ಬಂದು ಮೂವತ್ತನಾಲ್ಕು ವರ್ಷವಾದರೂ ಚಪ್ಪಲಿಯ ಜೊತೆ ಭಾಷೆಯನ್ನೂ ಹೊಸ್ತಿಲಲ್ಲಿ ಬದಲಾಯಿಸುವುದು ತಪ್ಪಿರಲಿಲ್ಲ. ಅವರ ಹೆಂಡತಿ ವಿಮಲಾಕ್ಷಿಗೆ ಆ ತೊಂದರೆಯಿಲ್ಲ. ಅವರು ಎಲ್ಲ ಕಡೆಯೂ ಗದಗಿನಲ್ಲೇ ಮಾತಾಡುತ್ತಿದ್ದರು; ತಿಳಿಯದವರು ತಿಳಿದುಕೊಳ್ಳುತ್ತಿದ್ದರು.

"ಆ ಹುಡುಗ ಕಾಗದ ಏನರ ಬಿಟ್ಟು ಹೋದ್ನೇನ್ರೀ?" ಎಂದು ಕೇಳಿದರು ವಿಮಲಾಕ್ಷಿ. ಅವರ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

ಅದು ಬರಿಯ ಅಡುಗೆಮನೆಯ ಹಿಟ್ಟಲ್ಲ. ಮೂರು ವರ್ಷದ ಹಿಂದೆ ಮಹಡಿಯ ಬಾಡಿಗೆಗೆ ಬಂದ ಸುಪ್ರೀತಾ ಎಂಬ ಹಾವೇರಿಯ ಹುಡುಗಿ, ಇವರು ಮಾಡಿದ ಖಡಕ್ ರೊಟ್ಟಿಯ ಒಂದು ಕಟ್ಟನ್ನು ಇಂದಿರಾನಗರದ ತನ್ನ ಆಫೀಸಿಗೆ ಒಯ್ದಿದ್ದಳು. ಅಲ್ಲಿ ರಾಯಚೂರಿನವರು, ಕೊಪ್ಪಳದವರು, ಬಾಗಲಕೋಟೆಯವರು ಎಂದೆಲ್ಲ ಎಷ್ಟು ಜನ ಕೋಟು ಹಾಕಿಕೊಂಡು ಅಡಗಿದ್ದಾರೆಂದು ಅವತ್ತು ಗೊತ್ತಾಯಿತು. ಈಗ ವಾರಕ್ಕೆ ಎಂಟುನೂರು ರೊಟ್ಟಿ ಹೋಗುತ್ತಿದ್ದವು. ರೊಟ್ಟಿ ಒತ್ತುವುದಕ್ಕೊಂದು ಮಷೀನು, ಸುಡುವುದಕ್ಕೆ ಎರಡು ಕರೆಂಟಿನ ಹಂಚು. ಇನ್ನೂರು ಯೂನಿಟ್ ಪುಕ್ಕಟೆ ಎಂದು ಊರೆಲ್ಲ ಬೀಗುತ್ತಿದ್ದಾಗ ಈ ಮನೆಯ ಮೀಟರು ತಿಂಗಳ ಹನ್ನೆರಡನೇ ತಾರೀಖಿಗೇ ಆ ಗೆರೆ ದಾಟಿಬಿಡುತ್ತಿತ್ತು. ರೊಟ್ಟಿಯ ಲಾಭವನ್ನು ಬಿಲ್ಲು ತಿನ್ನುತ್ತಿತ್ತು. ಎರಡನೇ ಮಷೀನು ಕೊಳ್ಳಬೇಕೆಂಬ ವಿಮಲಾಕ್ಷಿಯ ಆಸೆ ಒಂದೂವರೆ ವರ್ಷದಿಂದ ಆ ಬಿಲ್ಲಿನ ಕೆಳಗೇ ಬಿದ್ದುಕೊಂಡಿತ್ತು.

"ಸೋಲಾರ್ ಹಾಕಸೂಣ್ರೀ. ಮ್ಯಾಲಿನ ಬಿಸಿಲು ಹಂಗ ಹಾಳಾಗಿ ಹೋಗಾಕತ್ತೈತಿ."

"ಹಾಕಸೂಣು. ಜೂನ್ ಬರಲಿ. ಇದಕ್ಕಿಂತ ಚಲೋ ಸ್ಕೀಮ್ ಬರ್ತೈತಿ, ಬ್ಯಾರೆ ಹೆಸರಿಂದ. ನನಗ ಹೇಳ್ತೀಯಲ್ಲ ನೀ, ಮೂವತ್ತೊಂದನೇ ತಾರೀಖಿನ ಆಟ?"

ವಿಮಲಾಕ್ಷಿ ಮುರಳಿ ಬಿಟ್ಟುಹೋಗಿದ್ದ ಕಾಗದವನ್ನು ಹಿಟ್ಟಿನ ಕೈಯಲ್ಲೇ ತೆಗೆದುಕೊಂಡು ಫ್ರಿಜ್ಜಿನ ಮೇಲೆ ಇಟ್ಟರು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ಸಂಗತಿಯಾಗುತ್ತಿತ್ತು. ಆದರೆ ವೀರಣ್ಣನವರಿಗೆ ಗೊತ್ತಿದ್ದದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಕಾಲೊನಿಯ ಪಾರ್ಕಿನಲ್ಲಿ ನಡೆದಾಟ. ಅದರಲ್ಲಿ ಇಪ್ಪತ್ತು ನಿಮಿಷ ನಡಿಗೆ, ಉಳಿದದ್ದು ಬೆಂಚು. ಆ ಬೆಂಚಿನಲ್ಲಿ ಅವರ ಪಕ್ಕ ಕೂರುತ್ತಿದ್ದವನು ಸೀನ, ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ತಲೆಯ ಮೇಲೆ ಯಾವ ವಿಮಾನ ಹೋದರೂ ಮಾತು ಅರ್ಧಕ್ಕೆ ನಿಲ್ಲಿಸಿ, ಕಿವಿಗೊಟ್ಟು, ಅದರ ಆರೋಗ್ಯದ ಬಗ್ಗೆ ಅಭಿಪ್ರಾಯ ಹೇಳಿ, ಬಿಟ್ಟಲ್ಲಿಂದ ಶುರು ಮಾಡುತ್ತಿದ್ದ.

"ಲೋ ವೀರಣ್ಣ, ಆ ಸೋಲಾರ್ ಹುಡುಗ ನಮ್ಮನೆಗೂ ಬಂದಿದ್ದ ಕಣೋ. ಹಾಕಿಸ್ಬಿಡೋಣ ಅಂತಿದೀನಿ. ಮೊಮ್ಮಕ್ಕಳು ಬಂದ್ರೆ ಮೂರು ಏಸಿ ಓಡುತ್ತೆ ಮಾರಾಯ."

"ಸುಮ್ನಿರೋ ಸೀನ. ಅರ್ಜೆಂಟ್ ಮಾಡ್ದೋನಿಗೆ ಹಳೇ ಸ್ಕೀಮು, ಕಾದೋನಿಗೆ ಹೊಸ ಸ್ಕೀಮು. ಜೂನ್‌ನಲ್ಲಿ ಬರ್ದೇ ಇದ್ರೆ ನನ್ನ ಕೇಳು."

ಕೇಳಿಸಿಕೊಂಡವರಲ್ಲಿ ಶಂಶುನ್ನೀಸಾ ಕೂಡ ಇದ್ದರು. ಕಾಲೊನಿಯ ಕೊನೇ ಮನೆಯ ಕೆಳಗೆ ಆರು ಹೊಲಿಗೆ ಮಷೀನು ಇಟ್ಟು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ರವಿಕೆ ಹೊಲಿದು ಕೊಡುತ್ತಿದ್ದ ಹೆಂಗಸು. ಅವರ ಗಂಡ ತೀರಿಕೊಂಡಾಗ ವಿಮೆಯ ಹಣವನ್ನು ಹದಿನೇಳು ದಿನದಲ್ಲಿ ಕೈಗೆ ತಂದುಕೊಟ್ಟವರು ವೀರಣ್ಣನವರು. ಅವತ್ತಿನಿಂದ ಶಂಶುನ್ನೀಸಾಗೆ ಅವರ ಮಾತೆಂದರೆ ಮುದ್ರೆಯೊತ್ತಿದ ಕಾಗದ. "ನೀವು ಕಾಯಿ ಅಂದ್ರೆ ಕಾಯ್ತೀನಿ ಭಾಯ್‌ಸಾಬ್, ನಂಗೇನು" ಎಂದು, ಆಗಲೇ ಮುರಳಿಗೆ ಕೊಟ್ಟಿದ್ದ ಮುಂಗಡದ ಚೆಕ್ಕನ್ನು ವಾಪಸ್ಸು ಇಸಿದುಕೊಂಡರು. ಅವರನ್ನು ನೋಡಿ ಇನ್ನೂ ನಾಲ್ಕು ಮನೆಯವರು ಕಾದರು. ಸೀನನೂ ಕಾದ. ಒಟ್ಟು ಆರು ಮನೆ. ವೀರಣ್ಣನವರದೂ ಸೇರಿದರೆ ಏಳು.

ಮಾರ್ಚ್ ಮೂವತ್ತೊಂದು ಬಂತು, ಹೋಯಿತು. ಏಪ್ರಿಲ್ ಒಂದಕ್ಕೆ ಸಬ್ಸಿಡಿ ಅರ್ಧಕ್ಕಿಂತ ಕೆಳಗಿಳಿಯಿತು. ಪೇಪರಿನಲ್ಲಿ ಐದನೇ ಪುಟದಲ್ಲಿ, ಬಾವಿಗೆ ಬಿದ್ದ ಚಿರತೆಯ ಸುದ್ದಿಯ ಕೆಳಗೆ ಬಂದಿತ್ತು.

"ಇಳೀಲಿ" ಎಂದರು ವೀರಣ್ಣನವರು ಬೆಂಚಿನಲ್ಲಿ. "ಏರೋಕ್ಕೆ ಮುಂಚೆ ಇಳೀಲೇಬೇಕು."

ಮೇ ತಿಂಗಳಲ್ಲಿ ಹಾಗೆ ಹೇಳುವಾಗ ಅವರ ದನಿ ತಾನಾಗಿಯೇ ಅರ್ಧ ಇಳಿಯುತ್ತಿದ್ದದ್ದನ್ನು ಸೀನ ಗಮನಿಸಿದ. ವಿಮಾನದ ಸದ್ದಿಗೆ ಹಾಗೆ ಕೇಳಿಸಿತೆಂದುಕೊಂಡು ಸುಮ್ಮನಾದ.

ಜೂನ್ ಬಂತು. ಮೊದಲ ವಾರದಲ್ಲಿ ಏನೂ ಆಗಲಿಲ್ಲ. ಎರಡನೇ ವಾರದ ಮಂಗಳವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ವೀರಣ್ಣನವರು ಬೆಂಚಿನಲ್ಲಿ ಐದಾರು ಜನರಿಗೆ, ಜೂನ್‌ಗೆ ಮೂವತ್ತು ದಿನ ಇದೆಯೆಂದೂ ಅದರಲ್ಲಿ ಇನ್ನೂ ಹತ್ತೊಂಬತ್ತು ಬಾಕಿಯೆಂದೂ ವಿವರಿಸುತ್ತಿದ್ದರು. ಆಗ ಪಾರ್ಕಿನ ಬೇಲಿಯಾಚೆ ಒಂದು ಟೆಂಪೊ ಬಂತು. ಹಿಂದೆ ನೀಲಿ ಬಣ್ಣದ ದೊಡ್ಡ ದೊಡ್ಡ ಹಲಗೆಗಳು, ಒಂದಷ್ಟು ಕಬ್ಬಿಣದ ಕಾಲು.

"ಯಾರೋ ಪಾಪ" ಎಂದರು ವೀರಣ್ಣನವರು. "ಆತುರಗಾರ. ಹಳೇ ಸ್ಕೀಮಿನಲ್ಲಿ ಸಿಕ್ಕಿಹಾಕ್ಕೊಂಡಿದಾನೆ."

ಟೆಂಪೊ ಎರಡನೇ ಅಡ್ಡರಸ್ತೆಗೆ ತಿರುಗಿತು. ಎಡಗಡೆಯ ನಾಲ್ಕನೇ ಮನೆಯ ಮುಂದೆ ನಿಂತಿತು.

ಸೀನ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಲೋ ವೀರಣ್ಣ. ಅದು ನಿನ್ನ ಮನೆ ಕಣೋ."

"ಅಡ್ರೆಸ್ ತಪ್ಪಿದಾನೆ" ಎಂದು ವೀರಣ್ಣನವರು ಲಗುಬಗೆಯಿಂದ ಹೊರಟರು. ಬೆಂಚಿಗೆ ಬೆಂಚೇ ಅವರ ಹಿಂದೆ ಹೊರಟಿತು. ಕಾಲೊನಿಯಲ್ಲಿ ಬೆಳಗಿನ ಹೊತ್ತು ನೋಡುವುದಕ್ಕೆ ಬೇರೇನೂ ಇರಲಿಲ್ಲ.

"ಏನಪ್ಪಾ, ಮೂರನೇ ಕ್ರಾಸ್ ಇರ್ಬೇಕು ನೋಡು. ಇದು ಎರಡು" ಎಂದರು ಡ್ರೈವರನಿಗೆ. ಅವನು ಫೋನು ನೋಡಿ, ಗೇಟಿನ ನಂಬರು ನೋಡಿ, "ವಿಮಲಾಕ್ಷಿ ಅಂತ ಇದೆ ಸಾರ್" ಎಂದ.

ಅಷ್ಟರಲ್ಲಿ ಬಾಗಿಲು ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವಿಮಲಾಕ್ಷಿಯವರೇ ಹೊರಗೆ ಬಂದರು. "ಹಿತ್ತಲದಾಗಿಂದ ಬರ್ರಪಾ, ಹಂಚಿನ ಮ್ಯಾಲ ರೊಟ್ಟಿ ಅದಾವು, ಈ ಕಡೆ ಧೂಳು ಬ್ಯಾಡ."

ರಸ್ತೆಯಲ್ಲಿ ನಿಂತ ಐದಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ವೀರಣ್ಣನವರ ಮುಖ ನೋಡಿದರು. ಅವರಲ್ಲಿ ಶಂಶುನ್ನೀಸಾ ಕೂಡ ಇದ್ದರು. ಹಾಲಿನ ಪ್ಯಾಕೆಟ್ಟು ಕೈಯಲ್ಲಿತ್ತು. ತಲೆಯ ಮೇಲಿನ ದುಪ್ಪಟ್ಟಾ ಸರಿಮಾಡಿಕೊಂಡು ಮನೆಯ ಕಡೆ ಹೊರಟುಹೋದರು.

ಒಳಗೆ ಬಂದ ವೀರಣ್ಣನವರು ಚಪ್ಪಲಿ ಬಿಡುವುದನ್ನು ಮರೆತಿದ್ದರು. ಭಾಷೆಯನ್ನೂ.

"ಏನ್ ಮಾಡ್ಬಿಟ್ಟೆ ನೀನು?"

"ಯಾಕ, ಬೆಂಗಳೂರಾಗ ಮಾತಾಡಾಕತ್ತೀರಿ?" ಎಂದರು ವಿಮಲಾಕ್ಷಿ, ರೊಟ್ಟಿ ತಿರುವುತ್ತಾ. "ಅರ್ಜಿ ಹಾಕೀನಿ. ಮಾರ್ಚ್ ಮೂವತ್ತಕ್ಕ. ಸುಪ್ರೀತಾ ಕಂಪ್ಯೂಟರದಾಗ ಹಾಕಿ ಕೊಟ್ಲು. ಮುಂಗಡ ನನ್ನ ರೊಟ್ಟಿ ರೊಕ್ಕದಾಗ ಕೊಟ್ಟೀನಿ."

"ಮೀಟರು..."

"ನನ್ನ ಹೆಸರಿಲೆ ಐತಿ. ಮನೀನೂ ನನ್ನ ಹೆಸರಿಲೆ ಐತಿ. ನೀವಽ ಮಾಡ್ಸಿದ್ರಿ."

ಅದು ನಿಜ. ಮನೆಯನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿ ಎಂದು ವೀರಣ್ಣನವರು ಸಾವಿರಾರು ಜನರಿಗೆ ಸಲಹೆ ಕೊಟ್ಟಿದ್ದರು. ತಾವು ಕೊಟ್ಟ ಸಲಹೆಗಳಲ್ಲಿ ತಾವೂ ಪಾಲಿಸಿದ್ದು ಅದೊಂದನ್ನೇ.

"ಮತ್ತ ಮ್ಯಾಲಿನ ಮಾಡಿ ಅಳತಿ ಯಾವಾಗ ತಗೊಂಡ್ರು?"

"ನೀವು ಪಾರ್ಕಿಗೆ ಹೋದಾಗ. ಮೂರು ಸಲ ಬಂದಾರ. ಪಾಪ ಆ ಮುರಳಿ, ಒಂದ್ ಸಲ ನೀವು ಲಗೂನ ಬಂದ್ರಿ ಅಂತ ನೀರಿನ ಟಾಕಿ ಹಿಂದ ಅರ್ಧ ತಾಸು ಕುಂತಿದ್ದ."

ವೀರಣ್ಣನವರು ಕುರ್ಚಿಯಲ್ಲಿ ಕೂತರು. ಹೇಳಬೇಕಾದದ್ದು ಬಹಳ ಇತ್ತು. ಅದರಲ್ಲಿ ಸಣ್ಣದನ್ನು ಆರಿಸಿ ಕೇಳಿದರು. "ನನಗ ಹೇಳಬಾರದಿತ್ತೇನು?"

"ಹೇಳಿದ್ದೆ. ನೀವು ಜೂನ್ ಅಂದ್ರಿ." ವಿಮಲಾಕ್ಷಿ ಹಂಚಿನ ಕಾವು ಇಳಿಸಿ, ಅವರ ಎದುರಿಗೆ ಬಂದು ನಿಂತರು. ಸಿಟ್ಟಿರಲಿಲ್ಲ, ಲೆಕ್ಕ ಹೇಳಿಕೊಡುವ ಮಾಸ್ತರಿಣಿಯ ಹಾಗಿದ್ದರು. "ನೋಡ್ರಿ. ಮೂವತ್ತೊಂದು ವರ್ಷ ನಿಮ್ಮ ಮೂವತ್ತೊಂದನೇ ತಾರೀಖು ನಾ ಈ ಅಡಿಗಿಮನ್ಯಾಗ ನಿಂತು ಕೇಳೀನಿ. ನೀವು ಜನರ ಕಡೆ ರೊಕ್ಕ ತಗೊಳ್ಳೋರು. ತಗೊಳ್ಳೋರು ಬಾಗಲಾ ಮುಚ್ಚಂಗಿಲ್ಲ, ಮುಚ್ಚತೀನಿ ಅಂತ ಹೆದರಸ್ತಾರ, ಅಷ್ಟ. ಸರಕಾರ ಇಲ್ಲೆ ಕೊಡಾಕ ನಿಂತೈತಿ. ಕೊಡೋರು ಸುಮ್ನ ಹೇಳಂಗಿಲ್ಲ. ಕೊಡೋರು ಖರೇನ ಮುಚ್ಚತಾರ."

ಆ ಮಧ್ಯಾಹ್ನವೆಲ್ಲ ಮಾಡಿಯ ಮೇಲೆ ಡ್ರಿಲ್ಲಿನ ಸದ್ದು. ವೀರಣ್ಣನವರು ಕೆಳಗೆ ಪೇಪರು ಹಿಡಿದು ಕೂತಿದ್ದರು. ಒಂದೇ ಪುಟವನ್ನು ನಾಲ್ಕು ತಾಸು ಓದಿದರು. ಅಷ್ಟು ಸರಳವಾದ ಮಾತು ಮೂವತ್ತೊಂದು ವರ್ಷ ತಮಗೇಕೆ ಹೊಳೆಯಲಿಲ್ಲ ಎಂಬುದಕ್ಕೆ ಪೇಪರಿನಲ್ಲಿ ಉತ್ತರವಿರಲಿಲ್ಲ.

ಮರುದಿನ ಪಾರ್ಕಿಗೆ ಹೋದಾಗ ತಮಾಷೆ ಬೇರೆ ರೀತಿಯದಾಗಿತ್ತು. ಬೈಯುತ್ತಾರೆಂದು ಸಿದ್ಧವಾಗಿ ಹೋಗಿದ್ದರು. ಯಾರೂ ಬೈಯಲಿಲ್ಲ. ಮೂರನೇ ಅಡ್ಡರಸ್ತೆಯ ಒಬ್ಬ, ಹೆಸರೂ ಸರಿಯಾಗಿ ಗೊತ್ತಿಲ್ಲದವನು, ಓಡುವುದನ್ನು ನಿಲ್ಲಿಸಿ ಹೆಬ್ಬೆರಳು ಎತ್ತಿ ತೋರಿಸಿದ. "ಸೂಪರ್ ಅಂಕಲ್. ಎಲ್ಲರ್ನೂ ಕ್ಯೂನಿಂದ ಆಚೆ ಕಳ್ಸಿ ನೀವೊಬ್ರೇ ನುಗ್ಬಿಟ್ರಿ. ತಲೆ ಅಂದ್ರೆ ಇದು ಗುರು." ಇನ್ನೊಬ್ಬ ಷೇರು ಯಾವುದು ಕೊಳ್ಳಬಹುದೆಂದು ಕಿವಿಯ ಹತ್ತಿರ ಬಂದು ಕೇಳಿದ. ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಮನೆಯ ಮಾಡಿಯ ಫೋಟೋ ಬಂದು, ಅದರ ಕೆಳಗೆ ಕೈಮುಗಿದ ಚಿತ್ರ ಒಂಬತ್ತು ಬಿದ್ದಿತ್ತು.

ನಿವೃತ್ತನಾದ ಮನುಷ್ಯನಿಗೆ ಇದು ಸಣ್ಣ ಸಂಗತಿಯಲ್ಲ. ವೀರಣ್ಣನವರು ಮೋಸ ಮಾಡಿದ ಚಾಲಾಕು ಮನುಷ್ಯನೆಂದು ಕಾಲೊನಿ ತೀರ್ಮಾನಿಸಿತ್ತು, ಮತ್ತು ಆ ತೀರ್ಮಾನದಲ್ಲಿ ಒಂದು ಬಗೆಯ ಮರ್ಯಾದೆಯಿತ್ತು. ನಿಜ ಹೇಳಿದರೆ ಮೋಸಗಾರನೆಂಬ ಹೆಸರು ಹೋಗುತ್ತಿತ್ತು. ಆದರೆ ನಿಜ ಏನು? ತಮ್ಮ ಮಾತನ್ನು ಆರು ಮನೆಯವರು ನಂಬಿದರು, ಸ್ವಂತ ಹೆಂಡತಿ ನಂಬಲಿಲ್ಲ, ಅವರ ಮೂಗಿನ ಕೆಳಗೇ ಒಬ್ಬ ಹುಡುಗ ನೀರಿನ ಟ್ಯಾಂಕಿನ ಹಿಂದೆ ಅರ್ಧ ಗಂಟೆ ಕೂತಿದ್ದ, ಇದು ನಿಜ. ಮೋಸಗಾರ ಅನ್ನಿಸಿಕೊಳ್ಳಬಹುದು, ಇಲ್ಲವೆ ಪೆದ್ದ ಅನ್ನಿಸಿಕೊಳ್ಳಬಹುದು. ವೀರಣ್ಣನವರು ಮೂರು ದಿನ ಮೋಸಗಾರರಾಗಿಯೇ ಇದ್ದರು. ಯಾರಾದರೂ ಹೊಗಳಿದರೆ, ಹೌದೆಂದೂ ಅನ್ನದೆ ಇಲ್ಲವೆಂದೂ ಅನ್ನದೆ, ಕೈಗಡಿಯಾರ ನೋಡಿಕೊಂಡು ಹೊರಡುತ್ತಿದ್ದರು.

ಸೀನ ಮಾತ್ರ ಬೆಂಚಿನ ಇನ್ನೊಂದು ತುದಿಗೆ ಕೂರತೊಡಗಿದ್ದ. ಮೂರೂ ದಿನ ಮೇಲೆ ವಿಮಾನ ಹೋದವು. ಸೀನ ಒಂದರ ಬಗ್ಗೆಯೂ ಏನೂ ಹೇಳಲಿಲ್ಲ.

ಶನಿವಾರ ವಿಮಲಾಕ್ಷಿ, ಶಂಶುನ್ನೀಸಾ ಹೊಲಿದಿಟ್ಟಿದ್ದ ಎರಡು ರವಿಕೆ ತರಲು ಗಂಡನನ್ನೇ ಕಳಿಸಿದರು. ಬೇಕೆಂದೇ ಕಳಿಸಿದರೋ ಏನೋ, ಅವರ ಮುಖ ನೋಡಿ ಹೇಳುವುದು ಕಷ್ಟವಿತ್ತು.

ಆರು ಮಷೀನಿನಲ್ಲಿ ಮೂರು ಮಾತ್ರ ಓಡುತ್ತಿದ್ದವು. ಇನ್ನು ಮೂರರ ಮೇಲೆ ಬಟ್ಟೆ ಹೊದೆಸಿತ್ತು. "ಬಿಲ್ ಜಾಸ್ತಿ ಬಂತು ಭಾಯ್‌ಸಾಬ್" ಎಂದರು ಶಂಶುನ್ನೀಸಾ, ರವಿಕೆ ಮಡಿಸುತ್ತಾ. "ಮೂರ್ ಜನ ಹುಡ್ಗೀರ್ನ ದೀಪಾವಳಿ ಸೀಸನ್‌ಗೆ ಬನ್ನಿ ಅಂದ್ಬಿಟ್ಟೆ. ಮೂರೇ ಸಾಕು ಈಗ." ಕವರಿಗೆ ಹಾಕಿದರು. ಹಣ ಎಣಿಸಿಕೊಂಡರು. ಆಮೇಲೆ ತಲೆಯೆತ್ತದೆ ಕೇಳಿದರು: "ನಿಮ್ಗೆ ಬೇಕಾಗಿತ್ತು, ತಗೊಂಡ್ರಿ. ಅಚ್ಛಾ. ನಂಗೂ ಒಂದು ಮಾತು ಹೇಳಿದ್ರೆ ಏನ್ ಹೋಗ್ತಿತ್ತು? ನಿಮ್ ಹತ್ರದ್ದು ಕಡಿಮೆ ಆಗ್ತಿತ್ತಾ?"

ಎದೆಗೆ ಕಲ್ಲು ಹೊಡೆದಂತಾಯಿತು ಎಂದೇನೂ ವೀರಣ್ಣನವರಿಗೆ ಅನಿಸಲಿಲ್ಲ. ಅನಿಸಿದ್ದು ಇಷ್ಟೆ: ಹದಿನೇಳು ದಿನದಲ್ಲಿ ತಂದುಕೊಟ್ಟ ಆ ಹಳೇ ಚೆಕ್ಕು ಈಗ ವಾಪಸ್ಸು ಬಂದ ಹಾಗೆ.

"ಶಂಶುನ್ನೀಸಾ ಅವ್ರೇ, ನಾನು ತಗೊಂಡಿಲ್ಲ. ನಂಗೆ ಗೊತ್ತೇ ಇರ್ಲಿಲ್ಲ."

ಮೂರು ಮಷೀನುಗಳೂ ಒಟ್ಟಿಗೆ ನಿಂತವು. ಹೊಲಿಯುತ್ತಿದ್ದ ಹುಡುಗಿಯರು ತಿರುಗಿ ನೋಡಿದರು. ಒಮ್ಮೆ ಶುರು ಮಾಡಿದ ಮೇಲೆ ವೀರಣ್ಣನವರು ನಿಲ್ಲಿಸಲಿಲ್ಲ. ರೊಟ್ಟಿಯ ರೊಕ್ಕ, ಸುಪ್ರೀತಾಳ ಕಂಪ್ಯೂಟರು, ನೀರಿನ ಟ್ಯಾಂಕು, ಎಲ್ಲ ಹೇಳಿದರು. "ನೀವೆಲ್ಲ ನನ್ನ ಮಾತು ಕೇಳಿದ್ರಿ. ಅವ್ಳು ಕೇಳ್ಲಿಲ್ಲ. ಕೇಳ್ದೋರಿಗೆ ಲಾಸ್ ಆಯ್ತು" ಎಂದು ಮುಗಿಸಿದರು.

ಶಂಶುನ್ನೀಸಾ ರವಿಕೆಯ ಕವರು ಕೆಳಗಿಟ್ಟರು. ಆಮೇಲೆ ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದುಕೊಂಡರು. ಭುಜ ಅಲ್ಲಾಡತೊಡಗಿತು. "ಟಂಕಿ ಕೆ ಪೀಛೇ!" ಎಂದರು. "ಟ್ಯಾಂಕಿನ ಹಿಂದೆ ಅರ್ಧ ಗಂಟೆ!" ಆ ನಗು ಮುಗಿಯುವುದಕ್ಕೆ ನೀರು ಕುಡಿಯಬೇಕಾಯಿತು. ಮುಗಿದ ಮೇಲೆ ರವಿಕೆಯ ಹಣದಲ್ಲಿ ಐವತ್ತು ರೂಪಾಯಿ ವಾಪಸ್ಸು ಕೊಟ್ಟರು. ಯಾಕೆಂದು ಹೇಳಲಿಲ್ಲ.

ಕಾಲೊನಿಯಲ್ಲಿ ಒಂದು ಸುದ್ದಿ ಕೊನೇ ಮನೆಯಿಂದ ಪಾರ್ಕಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿಗೆ ಸೀನನಿಗೂ ಮುಟ್ಟಿತು. ಭಾನುವಾರ ಬೆಳಿಗ್ಗೆ ಅವನು ಬೆಂಚಿನ ಈ ತುದಿಗೆ ಬಂದು ಕೂತ.

"ಅಲ್ವೋ, ನಿನ್ನ ಮಾತು ನಿನ್ನ ಹೆಂಡ್ತೀನೇ ಕೇಳಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ನಾವೂ ಕೇಳ್ತಿರ್ಲಿಲ್ಲ!"

"ಹೇಳೋ ವಿಷ್ಯಾನಾ ಅದು?"

"ನಮ್ಮನೇಲೂ ಕೇಳಲ್ಲ ಬಿಡೋ. ಆದ್ರೆ ನಾನು ಊರಿಗೆ ಸಲಹೆ ಕೊಡ್ತಾ ಕೂರಲ್ಲ." ಮೇಲೆ ಒಂದು ವಿಮಾನ ಹೋಯಿತು. ಸೀನ ಕಿವಿಗೊಟ್ಟ. "ಎಡಗಡೆ ಎಂಜಿನ್ನು ಚೂರು ಕೆಮ್ತಾ ಇದೆ" ಎಂದ. ವೀರಣ್ಣನವರಿಗೆ ಎಷ್ಟೋ ಸಮಾಧಾನವಾಯಿತು.

ಆದರೆ ಮೂರು ಮಷೀನಿನ ಮೇಲೆ ಹೊದೆಸಿದ ಬಟ್ಟೆ ಅವರ ತಲೆಯಿಂದ ಹೋಗಲಿಲ್ಲ. ಹೊಸ ಸ್ಕೀಮಿನ ಆಸೆಯನ್ನು ಅವರು ಜೂನ್ ಇಪ್ಪತ್ತಕ್ಕೇ ಕೈಬಿಟ್ಟರು. ಅವರ ಮಟ್ಟಿಗೆ ಅದು ಧರ್ಮಾಂತರದಷ್ಟೇ ದೊಡ್ಡದು. ಆಮೇಲೆ ಒಂದು ವಾರ ಆರೂ ಮನೆಗಳಿಗೆ ಹೋಗಿ, ಬಿಲ್ಲು ಇಸಿದುಕೊಂಡು, ಮಾಡಿ ಹತ್ತಿ, ಬಿಸಿಲು ಎಲ್ಲಿ ಬೀಳುತ್ತದೆಂದು ಬರೆದುಕೊಂಡು ಬಂದರು. ಸೀನನ ಮಾಡಿಗೆ ಪಕ್ಕದ ಮನೆಯ ಮಾವಿನ ಮರದ ನೆರಳಿತ್ತು. ಉಳಿದ ಐದು ಚೆನ್ನಾಗಿದ್ದವು. ಸಬ್ಸಿಡಿ ಇಳಿದದ್ದು ಇಳಿದಾಯಿತು, ಅದನ್ನು ಎತ್ತುವುದು ಅವರ ಕೈಯಲ್ಲಿರಲಿಲ್ಲ. ಆದರೆ ಒಂದೇ ರಸ್ತೆಯಲ್ಲಿ ಆರು ಮನೆಗೆ ಒಂದೇ ಸಲ ಹಾಕುವ ಕಂಪನಿ ತನ್ನ ಕಡೆಯಿಂದ ಏನಾದರೂ ಇಳಿಸಲೇಬೇಕಲ್ಲ? ಮುರಳಿಗೆ ಫೋನು ಮಾಡಿದರು. ತಮ್ಮ ಹೆಸರು ಹೇಳಿದಾಗ ಅವನು ಫೋನು ಮೇಡಂಗೆ ಕೊಡಿ ಎಂದ.

"ಹೆದರ್ಬೇಡಪ್ಪ. ಈ ಸಲ ಮುಂಬಾಗಿಲಿಂದಾನೇ ಬಾ" ಎಂದರು.

ಜುಲೈ ಮೊದಲ ಗುರುವಾರ ಸಂಜೆ ಐದಕ್ಕೆ ಸಭೆ ಸೇರಿದ್ದು ಅವರದೇ ಮಾಡಿಯ ಮೇಲೆ, ಹೊಸ ಪ್ಯಾನಲಿನ ಕೆಳಗೆ. ಬಟ್ಟೆ ಒಣಗಿಸಲು ತಡೆಯಾಗಬಾರದೆಂದು ವಿಮಲಾಕ್ಷಿ ಕಾಲುಗಳನ್ನು ಎಂಟು ಅಡಿ ಎತ್ತರ ಮಾಡಿಸಿದ್ದರಿಂದ ಅಡಿಯಲ್ಲಿ ಒಳ್ಳೆಯ ಚಪ್ಪರವಾಗಿತ್ತು. ಆರು ಮನೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂತು. ಕೆಳಗಿನಿಂದ ಎರಡು ರೊಟ್ಟಿ ಮಷೀನಿನ ಸದ್ದು ಬರುತ್ತಿತ್ತು. ಎರಡನೆಯದು ಸೋಮವಾರವಷ್ಟೇ ಬಂದಿತ್ತು.

ಮುರಳಿ ಬೆಲೆ ಹೇಳಿದ. ಆರು ಮನೆಯವರೂ ಅದು ಜಾಸ್ತಿ ಎಂದರು. ಅವನು ಆಫೀಸಿಗೆ ಫೋನು ಮಾಡಿ, ನೀರಿನ ಟ್ಯಾಂಕಿನ ಹಿಂದೆ ಹೋಗಿ ಮಾತಾಡಿ ಬಂದ. ಅಲ್ಲಿಗೆ ಹೋದದ್ದು ಅಭ್ಯಾಸಬಲವಿರಬೇಕು. ಬಂದವನು ಮನೆಗೆ ಹದಿನೈದು ಸಾವಿರ ಇಳಿಸಿದ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದು, ದನಿಯನ್ನು ಅರ್ಧ ಇಳಿಸಿದ.

"ಈ ರೇಟು ಭಾನುವಾರದವರೆಗೆ ಮಾತ್ರ. ಸೋಮವಾರದಿಂದ ಪ್ಯಾನಲ್ ರೇಟೇ ಏರ್ತಿದೆ. ಆಮೇಲೆ ನಾನೇ ಕೇಳ್ಕೊಂಡ್ರೂ ಮೇಲಿನೋರು ಕೊಡಲ್ಲ." ಕೈಗಡಿಯಾರ ನೋಡಿಕೊಂಡ. ಎದ್ದು ಬ್ಯಾಗು ಹೆಗಲಿಗೇರಿಸಿದ. "ನೀವು ಅಂತ ಹೇಳ್ತಿದೀನಿ."

ವೀರಣ್ಣನವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಫೆಬ್ರವರಿಯಲ್ಲಿ ಬಸ್ಸಿನ ವೇಳಾಪಟ್ಟಿಯಂತೆ ತಾರೀಖು ಓದಿದ್ದ ಹುಡುಗ ಇವನೇ. ಅವತ್ತು ಅವನಿಗೆ ಕಸುಬು ಬರುವುದಿಲ್ಲ ಎಂದುಕೊಂಡಿದ್ದರು. ಬರುತ್ತಿತ್ತು; ಅವತ್ತು ಬೇಕಾಗಿರಲಿಲ್ಲ, ಅಷ್ಟೆ. ನಿಜವಾದ ತಾರೀಖಿಗೆ ದನಿ ಇಳಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಇದು ಬರೀ ಆಟವೆಂದು ಹೇಳಬಹುದಿತ್ತು. ಆದರೆ ಆರು ಮನೆಯವರ ಮುಂದೆ ಇನ್ನೊಮ್ಮೆ "ಕಾಯಿರಿ" ಎನ್ನುವ ಹಕ್ಕು ಅವರಿಗೆ ಎಲ್ಲಿತ್ತು? ಮತ್ತೆ ತಪ್ಪಾದರೆ ಉಳಿದ ಮೂರು ಮಷೀನಿಗೂ ಬಟ್ಟೆ ಹೊದೆಸಬೇಕಾಗುತ್ತದೆ.

ಶಂಶುನ್ನೀಸಾ ತಿರುಗಿದ್ದು ವಿಮಲಾಕ್ಷಿಯ ಕಡೆಗೆ. "ಅಕ್ಕಾ, ನೀವು ಹೇಳಿ. ಸೈನ್ ಹಾಕ್ಬಿಡ್ಲಾ? ಭಾನುವಾರಕ್ಕೆ ಮೂರೇ ದಿನ."

ಎಲ್ಲರೂ ವಿಮಲಾಕ್ಷಿಯನ್ನು ನೋಡಿದರು. ಮುರಳಿಯೂ ನೋಡಿದ, ಸ್ವಲ್ಪ ಗಾಬರಿಯಿಂದಲೇ. ವಿಮಲಾಕ್ಷಿ ಸೀನನ ತಟ್ಟೆಗೆ ಚಟ್ನಿ ಬಡಿಸಿ ಮುಗಿಸಿದರು. ಸೆರಗಿಗೆ ಕೈ ಒರೆಸಿಕೊಂಡರು.

"ನನ್ನ ಕೇಳಬ್ಯಾಡ್ರಿ. ಮಾರ್ಚಿಂದು ಕೊಡೋರ ತಾರೀಖಾಗಿತ್ತು, ನನಗ ತಿಳೀತು. ಇದು ತಗೊಳ್ಳೋರ ತಾರೀಖು." ಗಂಡನ ಕಡೆ ಗಲ್ಲ ತೋರಿಸಿದರು. "ಅದರಾಗ ಇವರು ಮೂವತ್ತೊಂದು ವರ್ಷ ಸರ್ವೀಸ್ ಮಾಡ್ಯಾರ. ಇವರನ್ನ ಕೇಳ್ರಿ."

ವೀರಣ್ಣನವರು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಮುರಳಿ, ಕೂತ್ಕೋಪ್ಪ. ಬ್ಯಾಗು ಚೂರು ಬೇಗ ಎತ್ಬಿಟ್ಟೆ. ಎದುರಿನೋರು ಎಷ್ಟು ಜನ ರೊಟ್ಟಿ ತಿಂತಿದಾರೆ ಅಂತ ಮೊದ್ಲು ನೋಡ್ಬೇಕು. ತಿನ್ನೋರು ಅರ್ಜೆಂಟಲ್ಲಿರಲ್ಲ." ಮುರಳಿ ಕೂತ. "ನಿಂಗೆ ಈ ತಿಂಗಳು ಟಾರ್ಗೆಟ್ ಎಷ್ಟು?"

"ಹತ್ತು, ಸಾರ್."

"ಎಷ್ಟಾಗಿದೆ?"

ಮುರಳಿ ಪ್ಯಾನಲಿನ ತಳವನ್ನು ನೋಡಿದ. "ಒಂದು."

"ಇಲ್ಲಿ ಆರಿದೆ. ನಾವು ಭಾನುವಾರ ಸೈನ್ ಮಾಡಲ್ಲ. ಸೋಮವಾರ ಹತ್ತು ಗಂಟೆಗೆ ಬಾ. ಸೀನನ ಮನೆಗೆ ಮರದ ನೆರಳು ತಪ್ಪೋ ಹಾಗೆ ಎತ್ತರದ ಸ್ಟ್ಯಾಂಡು ನಿಮ್ಮ ಖರ್ಚು. ಶಂಶುನ್ನೀಸಾ ಅವ್ರದ್ದು ಮೊದ್ಲು ಹಾಕ್ಬೇಕು, ಅವ್ರ ಮುಂಗಡ ಮೂರು ಕಂತಲ್ಲಿ. ಇನ್ನೂ ಹತ್ತು ಸಾವಿರ ಇಳಿಸ್ಕೊಂಡು ಬಾ. ಆಗಲ್ಲ ಅಂದ್ರೆ ಬರ್ಬೇಡ, ಬೇಜಾರಿಲ್ಲ. ರೊಟ್ಟಿ ತಿನ್ನು."

ಮುರಳಿ ರೊಟ್ಟಿ ತಿಂದ. ಎರಡು ತಿಂದ. ಮೂರನೆಯದನ್ನು ವಿಮಲಾಕ್ಷಿ ಪೇಪರಿನಲ್ಲಿ ಸುತ್ತಿಕೊಟ್ಟರು.

ಶುಕ್ರವಾರ, ಶನಿವಾರ, ಭಾನುವಾರ ವೀರಣ್ಣನವರಿಗೆ ಸರಿಯಾಗಿ ಊಟ ಸೇರಲಿಲ್ಲ. ಪಾರ್ಕಿನಲ್ಲಿ ಇಪ್ಪತ್ತು ನಿಮಿಷದ ಬದಲು ಐವತ್ತು ನಿಮಿಷ ನಡೆದರು. ಭಾನುವಾರ ಸಂಜೆ, "ಬರ್ತಾನಂತೀಯೇನು?" ಎಂದು ಹೆಂಡತಿಯನ್ನು ಕೇಳಿದರು. ಪ್ಲಾನು ಮತ್ತೆ ಬರುತ್ತಾ ಎಂದು ಬಾಳೆಲ್ಲ ಬೇರೆಯವರಿಂದ ಇಂಥದೇ ಪ್ರಶ್ನೆ ಕೇಳಿಸಿಕೊಂಡವರು ಅವರು. "ನನಗೇನ್ ಗೊತ್ರೀ" ಎಂದರು ವಿಮಲಾಕ್ಷಿ. "ನಿಮ್ಮ ಡಿಪಾರ್ಟ್‌ಮೆಂಟು."

ಸೋಮವಾರ ಹತ್ತಾಗಲು ಐದು ನಿಮಿಷವಿರುವಾಗ ಅವರು ವರಾಂಡದಲ್ಲಿ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು. ಹತ್ತಾಯಿತು. ಹತ್ತೂ ಐದಾಯಿತು. ಕೈಗಡಿಯಾರ ಇನ್ನೂ ಜೇಬಿನಲ್ಲೇ ಇತ್ತು. ತೆಗೆದು ನೋಡುವುದು, ಇಡುವುದು ನಡೆದಿತ್ತು. ಹತ್ತೂ ಹನ್ನೆರಡಕ್ಕೆ ಬೀದಿಯ ತುದಿಯಿಂದ ಸೀನನ ದನಿ ಎರಡನೇ ಅಡ್ಡರಸ್ತೆಗೆಲ್ಲ ಕೇಳುವಂತೆ ಬಂತು.

"ಲೋ ವೀರಣ್ಣಾ! ಎದ್ದು ಬಾರೋ! ನಿನ್ನ ಜೂನ್ ಬಂತು ಕಣೋ, ಬೈಕಲ್ಲಿ!"

ವೀರಣ್ಣನವರು ಚಪ್ಪಲಿ ಮೆಟ್ಟದೆಯೇ ಗೇಟಿನಾಚೆಗೆ ಓಡಿದರು. "ಬರ್ರಿ ಬರ್ರಿ, ಒಳಗ ಬರ್ರಿ" ಎಂದು ಮುರಳಿಯನ್ನು ಕರೆದರು. ಗೇಟಿನ ಆಚೆ ನಿಂತು ಅವರು ಗದಗಿನಲ್ಲಿ ಮಾತಾಡಿದ್ದು ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು.